600 ಎಚ್‌ಪಿ ಫಾಕ್ಸ್‌ಬಾಡಿ ಮಸ್ಟಾಂಗ್: ಇರೋ 8.8 ಆಕ್ಸಲನ್ನೇ ಗಟ್ಟಿ ಮಾಡೋದಾ, 9 ಇಂಚು ಕೂರಿಸೋದಾ?

ಹಳೇಕುದುರೆ90:
ಕಾರು 1990ರ ಫೋರ್ಡ್ ಮಸ್ಟಾಂಗ್ (ಫಾಕ್ಸ್‌ಬಾಡಿ ಅನ್ನೋ ಹಳೇ ಮಾದರಿ), ಇರೋದು ಟೆಕ್ಸಸ್‌ನಲ್ಲಿ. 347 ಸ್ಟ್ರೋಕರ್ (ಸ್ಟ್ರೋಕ್ ಹೆಚ್ಚಿಸಿ 347 ಘನ ಇಂಚಿಗೆ ಹಿಗ್ಗಿಸಿದ ಎಂಜಿನ್), ಒಂದು ಟರ್ಬೊ. ಎಂಜಿನ್‌ನಲ್ಲಿ 600 ಎಚ್‌ಪಿ, 550 ಪೌಂಡ್-ಫೀಟ್ ಟಾರ್ಕ್ ಗುರಿ. ಗೇರ್‌ಬಾಕ್ಸ್ ಟಿ56, ಮೊದಲ ಗೇರ್ 2.66. ಡ್ರೈವರ್ ಸೇರಿ ತೂಕ ಸುಮಾರು 3,300 ಪೌಂಡ್. ಹಿಂದೆ ಕಂಪನಿಯದ್ದೇ 8.8 (ಕ್ರೌನ್ ಗೇರಿನ ಅಳತೆ 8.8 ಇಂಚಿರೋ ಆಕ್ಸಲ್): 28 ಸ್ಪ್ಲೈನ್ (ತುದಿಯಲ್ಲಿ 28 ಹಲ್ಲಿನ) ಶಾಫ್ಟು, ಟ್ರ್ಯಾಕ್-ಲಾಕ್ (ಕ್ಲಚ್ ಪ್ಲೇಟಿನ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್), ಡ್ರಮ್ ಬ್ರೇಕು. ಹೆಚ್ಚಾಗಿ ರಸ್ತೆ ಓಡಾಟ, ಆಗೀಗ ಡ್ರ್ಯಾಗ್ ಸ್ಟ್ರಿಪ್ (ನೇರ ಓಟದ ಟ್ರ್ಯಾಕ್). ಅಲ್ಲಿ 275/60ಆರ್15 ಡ್ರ್ಯಾಗ್ ರೇಡಿಯಲ್ (ಹಿಡಿತ ಹೆಚ್ಚಿರೋ ಟೈರು), 4,500 ಆರ್‌ಪಿಎಂನಲ್ಲಿ ಕ್ಲಚ್ ಬಿಡೋದು. 3.73 ಅನುಪಾತದ ಕ್ರೌನ್-ಪಿನಿಯನ್ (ಆಕ್ಸಲಿನೊಳಗಿನ ದೊಡ್ಡ-ಚಿಕ್ಕ ಗೇರ್ ಜೋಡಿ) ಹಾಕೋ ಯೋಚನೆ ಇದೆ. ಕೆಲವರು "ನೇರ 9 ಇಂಚಿಗೆ ಹೋಗು" ಅಂತಾರೆ (ಅದು ಫೋರ್ಡಿನ ಇನ್ನೊಂದು ಆಕ್ಸಲ್). ಗುಜರಿಯಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಯ 8.8 ಅಗ್ಗಕ್ಕೆ ಸಿಗುತ್ತೆ, ಅದಾದರೂ ಆಗುತ್ತಾ?

ಪಿನಿಯನ್_ಭಟ್ಟ:
ಎಚ್‌ಪಿ ಲೆಕ್ಕ ಪಕ್ಕಕ್ಕಿಡಿ ಸಾರ್. ಆಕ್ಸಲ್ ಮುರಿಯೋದು ಟಾರ್ಕಿನಿಂದ, ಆ ಟಾರ್ಕಿಗೆ ಮಿತಿ ಹಾಕೋದು ಟೈರು.

550 × 2.66 × 3.73 ಅಂದ್ರೆ ಸುಮಾರು 5,450 ಪೌಂಡ್-ಫೀಟ್. ಇದು ಗೇರು ಕೊಡಬಲ್ಲದ್ದು. ಟೈರು ತಡೆಯೋದೆಷ್ಟು? ನಿಮ್ಮ ರೇಡಿಯಲ್ ಹೆಚ್ಚುಕಮ್ಮಿ 28 ಇಂಚು ಎತ್ತರ, ತ್ರಿಜ್ಯ 1.17 ಅಡಿ. ಎದ್ದು ಹೊರಡುವಾಗ ಹಿಂದಿನ ಚಕ್ರಗಳ ಮೇಲೆ 2,200 ಪೌಂಡ್ ಬಿತ್ತು, ಒಳ್ಳೆ ಟ್ರ್ಯಾಕ್‌ನಲ್ಲಿ ಘರ್ಷಣೆ 1.5 ಸಿಕ್ಕಿತು ಅಂದುಕೊಳ್ಳಿ: 3,860. ಮಾಮೂಲಿ ರಸ್ತೆ ಟೈರಾದರೆ 2,500 ಮುಟ್ಟೋದೂ ಕಷ್ಟ, ಅಷ್ಟರಲ್ಲೇ ಹೊಗೆ ಎಬ್ಬಿಸಿಬಿಡುತ್ತೆ. ಇದೇ 600 ಎಚ್‌ಪಿಗೆ ರಸ್ತೆ ಟೈರು ಹಾಕಿಕೊಂಡವರ 28 ಸ್ಪ್ಲೈನ್ ವರ್ಷಗಟ್ಟಲೆ ಬದುಕೋದು ಅದಕ್ಕೇ.

ನಿಮ್ಮ ವಿಷಯದಲ್ಲಿ ತೊಂದರೆ ಕ್ಲಚ್ಚು. 4,500ರಲ್ಲಿ ಬಿಟ್ಟಾಗ ಫ್ಲೈವೀಲಿನಲ್ಲಿ ತುಂಬಿದ ಶಕ್ತಿ ಒಂದೇ ಏಟಿಗೆ ಹಿಂದಕ್ಕೆ ಬರುತ್ತೆ. ಮೇಲಿನ ಲೆಕ್ಕದಲ್ಲಿ ಆ ಹೊಡೆತ ಸೇರಿಲ್ಲ. ಜೊತೆಗೆ ಒಂದು ಚಕ್ರ ಹಿಡಿತ ಬಿಟ್ಟರೆ, ಲಾಕ್ ಆದ ಡಿಫರೆನ್ಷಿಯಲ್ ಬಹುಪಾಲು ಹೊರೆಯನ್ನು ಇನ್ನೊಂದೇ ಶಾಫ್ಟಿನ ಮೇಲೆ ಹೇರುತ್ತೆ.

28 ಸ್ಪ್ಲೈನ್ ಶಾಫ್ಟಿನ ದಪ್ಪ ಸುಮಾರು 1.2 ಇಂಚು, 31ರದ್ದು 1.32, 35ರದ್ದು 1.5. ತಿರುಚು ತಡೆಯೋ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. ಹಾಗಾಗಿ ಲೋಹ ಒಂದೇ ಆಗಿದ್ದರೂ 28ರಿಂದ 31ಕ್ಕೆ ಹೋದರೆ ಮೂರನೇ ಒಂದು ಪಾಲು ಹೆಚ್ಚು. 31ರಿಂದ 35ಕ್ಕೆ ಇನ್ನೂ 45 ಪರ್ಸೆಂಟ್ ಮೇಲೆ. ನಿಮಗೆ 8.8 ಹೌಸಿಂಗ್ (ಆಕ್ಸಲಿನ ಹೊರಕವಚ), ಒಳ್ಳೆ ಕಂಪನಿಯ 31 ಸ್ಪ್ಲೈನ್ ಶಾಫ್ಟು ಸಾಕು. ನೆನಪಿರಲಿ, ಬರೀ ಶಾಫ್ಟ್ ತಂದರೆ ಪ್ರಯೋಜನ ಇಲ್ಲ. ಈಗಿನ ಡಿಫರೆನ್ಷಿಯಲಿನ ಸೈಡ್ ಗೇರಿಗೆ ಕೂರೋದಿಲ್ಲ. ಡಿಫರೆನ್ಷಿಯಲ್ಲೂ 31ರದ್ದೇ ಬೇಕು.

ಗ್ಯಾರೇಜ್_ಗೌಡ:
ಭಟ್ಟರ ಮಾತಿಗೆ ನನ್ನ ಒಪ್ಪಿಗೆ. ಆದರೆ ಶಾಫ್ಟಿಗಿಂತ ಮುಂಚೆ ಹೌಸಿಂಗ್ ನೋಡಿ ಗುರು.

8.8ರ ನಡುವಿನ ಭಾಗ ಎರಕದ ಕಬ್ಬಿಣ. ಎರಡೂ ಕಡೆಯ ಟ್ಯೂಬನ್ನು ಅದರೊಳಗೆ ಒತ್ತಿ ಕೂರಿಸಿ, ಕೆಲವು ಬಿಂದುಗಳಲ್ಲಿ ಮಾತ್ರ ವೆಲ್ಡ್ ಮಾಡಿರ್ತಾರೆ. ಹಿಡಿತ ಇರೋ ಟೈರಿನಲ್ಲಿ ಜೋರಾಗಿ ಎದ್ದರೆ ಟ್ಯೂಬು ಅಲ್ಲೇ ತಿರುಗುತ್ತೆ. ಸುತ್ತಲೂ ವೆಲ್ಡ್ ಹಾಕಿಸಿ. ಬೇರಿಂಗ್, ಸೀಲ್ ಎಲ್ಲ ಬಿಚ್ಚಿ, ಎಣ್ಣೆ ಪೂರ್ತಿ ತೊಳೆದು, ಎರಕದ ಕಡೆಯನ್ನು ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಇಂಚು ಇಂಚಾಗಿ, ಎದುರು ಬದುರು ಹಾಕ್ತಾ ಹೋಗಬೇಕು. ಒಂದೇ ಸಲ ಸುತ್ತು ಹೊಡೆದರೆ ಟ್ಯೂಬು ಬಾಗುತ್ತೆ. ಆಮೇಲೆ ಸೀಲ್ ಸೋರುತ್ತೆ, ಬೇರಿಂಗ್ ತಿನ್ನುತ್ತೆ. ಮುಗಿದ ಮೇಲೆ ವೆಲ್ಡಿಂಗ್ ಕಂಬಳಿ ಸುತ್ತಿ ನಿಧಾನ ಆರಲು ಬಿಡಿ. ನೀರು, ಗಾಳಿ ಹೊಡೀಬೇಡಿ, ಬಿರುಕು ಗ್ಯಾರಂಟಿ.

ಎರಡನೇದು ಸಿ-ಕ್ಲಿಪ್. ಈ ಆಕ್ಸಲಿನಲ್ಲಿ ಶಾಫ್ಟನ್ನು ಒಳತುದಿಯಲ್ಲಿ ಹಿಡಿದಿರೋದು ಆ ಚಿಕ್ಕ ಕ್ಲಿಪ್ಪೊಂದೇ. ಶಾಫ್ಟ್ ಮುರಿದರೆ ಚಕ್ರದ ಸಮೇತ ಹೊರಗೆ ಬರುತ್ತೆ. ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ) ನಿಯಮದ ಪ್ರಕಾರ ಕ್ವಾರ್ಟರ್ ಮೈಲಿಯಲ್ಲಿ 10.99 ಸೆಕೆಂಡ್ ಅಥವಾ ಅದಕ್ಕಿಂತ ವೇಗ ಆದರೆ ಆಫ್ಟರ್‌ಮಾರ್ಕೆಟ್ ಶಾಫ್ಟೂ ಬೇಕು, ಚಕ್ರ ಹೊರಬರದಂತೆ ಹಿಡಿಯೋ ವ್ಯವಸ್ಥೆಯೂ ಬೇಕು. ನಿಮ್ಮ ಕಾರು ಆ ಗಡಿಯಲ್ಲೇ ಇದೆ. ಬೋಲ್ಟ್ ಹಾಕಿ ಕೂರಿಸೋ ಸಿ-ಕ್ಲಿಪ್ ಎಲಿಮಿನೇಟರ್ (ಶಾಫ್ಟನ್ನು ಹೊರತುದಿಯಲ್ಲಿ ಹಿಡಿಯೋ ಕಿಟ್) ಸ್ಟ್ರಿಪ್‌ಗೆ ಸರಿ, ರಸ್ತೆಯಲ್ಲಿ ತಿರುವಿನ ಒತ್ತಡಕ್ಕೆ ಸೋರೋದು ಜಾಸ್ತಿ. ತುದಿ ಕತ್ತರಿಸಿ 9 ಇಂಚಿನ ದೊಡ್ಡ ಬೇರಿಂಗ್ ತುದಿ ವೆಲ್ಡ್ ಮಾಡಿಸೋದೇ ವಾಸಿ. ಹೇಗೂ ಬ್ರೇಕ್ ಬ್ರಾಕೆಟ್ ಬದಲಾಗುತ್ತೆ, ಡ್ರಮ್ ಬಿಟ್ಟು ಡಿಸ್ಕ್, 4 ಬೋಲ್ಟ್ ಬಿಟ್ಟು 5 ಬೋಲ್ಟ್, ಎಲ್ಲ ಒಟ್ಟಿಗೇ ಮುಗಿಸಿ.

ಎಕ್ಸ್‌ಪ್ಲೋರರ್ ಆಕ್ಸಲ್ ಬೇಡ. 31 ಸ್ಪ್ಲೈನ್ ನಿಜ, 1995ರಿಂದ ಡಿಸ್ಕೂ ಇದೆ. ಆದರೆ ಅದು ಲೀಫ್ ಸ್ಪ್ರಿಂಗ್ ಗಾಡಿಯದು. ಮಸ್ಟಾಂಗಿನ ಮೇಲಿನ ಕಂಟ್ರೋಲ್ ಆರ್ಮಿಗೆ (ಆಕ್ಸಲನ್ನು ಬಾಡಿಗೆ ಜೋಡಿಸೋ ತೋಳು) ಬೇಕಾದ ಕಿವಿಗಳು ಎರಕದಲ್ಲೇ ಇಲ್ಲ, ಪಿನಿಯನ್ ಕೂಡ ನಡುವಿನಲ್ಲಿಲ್ಲ. ಉಳಿಸಿದ ದುಡ್ಡು ಫ್ಯಾಬ್ರಿಕೇಶನ್‌ಗೆ ಹೋಗುತ್ತೆ.

ಹಳೇಕುದುರೆ90:
ಇಬ್ಬರಿಗೂ ಥ್ಯಾಂಕ್ಸ್. ಹಾಗಾದ್ರೆ 9 ಇಂಚು ಯಾರಿಗೆ? ಡಿಫರೆನ್ಷಿಯಲ್ ಯಾವುದು ಹಾಕಲಿ?

ಪಿನಿಯನ್_ಭಟ್ಟ:
9 ಇಂಚಿನ ಬಲ ಇರೋದು ಕ್ರೌನ್ ಅಳತೆಯಲ್ಲಲ್ಲ, 0.2 ಇಂಚಿನಲ್ಲಿ ಏನಾಗುತ್ತೆ? ಪಿನಿಯನ್ ತಲೆಯ ಆಚೆಗೂ ಮೂರನೇ ಬೇರಿಂಗ್ ಒಂದಿದೆ, ಹಾಗಾಗಿ ಹೊರೆ ಬಿದ್ದಾಗ ಪಿನಿಯನ್ ಕ್ರೌನಿನಿಂದ ದೂರ ಸರಿಯಲ್ಲ. ಪಿನಿಯನ್ ಕ್ರೌನಿನ ನಡುಗೆರೆಗಿಂತ 2.38 ಇಂಚು ಕೆಳಗಿದೆ, 8.8ರಲ್ಲಿ 1.5. ಹಲ್ಲಿಗೆ ಹಲ್ಲು ಹೆಚ್ಚು ಕೂಡುತ್ತೆ, ಜೊತೆಗೆ ಹೆಚ್ಚು ಉಜ್ಜುತ್ತೆ ಕೂಡ; ಒಂದಿಷ್ಟು ಎಚ್‌ಪಿ ಬಿಸಿಯಾಗಿ ಹೋಗುತ್ತೆ. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಬೇಕು, ತೂಕವೂ ಜಾಸ್ತಿ. ಆಟೊಮ್ಯಾಟಿಕ್, ಟ್ರಾನ್ಸ್‌ಬ್ರೇಕ್ (ಹೊರಡೋವರೆಗೂ ಗೇರ್‌ಬಾಕ್ಸನ್ನು ಹಿಡಿದಿಡೋ ಬ್ರೇಕು), ದೊಡ್ಡ ಸ್ಲಿಕ್ (ಗೆರೆ ಇಲ್ಲದ ರೇಸ್ ಟೈರು), 35 ಸ್ಪ್ಲೈನ್ ಅಂತ ಹೊರಟವರಿಗೆ ಅದು ಸರಿ. ಗೇರ್ ಅನುಪಾತ ಪದೇಪದೇ ಬದಲಿಸೋರಿಗೂ ಸುಲಭ, ಮುಂದಿನಿಂದ ಇಡೀ ಗುಂಡಿಗೆಯೇ ಹೊರಬರುತ್ತೆ.

ಡಿಫರೆನ್ಷಿಯಲ್: ರಸ್ತೆ ಜಾಸ್ತಿ ಅಂದ್ರೆ ಟ್ರೂಟ್ರ್ಯಾಕ್ (ಬರೀ ಗೇರುಗಳಿಂದಲೇ ಕೆಲಸ ಮಾಡೋ ಲಿಮಿಟೆಡ್ ಸ್ಲಿಪ್). ಕ್ಲಚ್ ಪ್ಲೇಟಿಲ್ಲ, ಸವೆಯೋದಿಲ್ಲ. ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಇನ್ನೊಂದಕ್ಕೆ ಏನೂ ಕೊಡಲ್ಲ. ಸ್ಪೂಲ್ (ಎರಡೂ ಚಕ್ರವನ್ನು ಸದಾ ಒಟ್ಟಿಗೇ ತಿರುಗಿಸೋದು) ರಸ್ತೆಗೆ ಬೇಡವೇ ಬೇಡ.

ಶಿಮ್_ಸಾಹೇಬ:
ಸಾಮಾನು ಎಂಥಾದ್ದೇ ತರ್ರಿ, ಸೆಟ್ಟಿಂಗ್ ಕೆಟ್ರ ಎಲ್ಲಾ ಹೋತು. 8.8ಕ್ಕ ಅಳತಿ ಬರ್ಕೋರಿ: ಹೊಸಾ ಬೇರಿಂಗಿದ್ರ ಪಿನಿಯನ್ ಪ್ರೀಲೋಡ್ (ಬೇರಿಂಗ್ ಬಿಗಿ, ತಿರುವಾಕ ಬೇಕಾಗೂ ಟಾರ್ಕ್) 16–29 ಇಂಚ್-ಪೌಂಡ್, ಹಳೇದಾದ್ರ 8–14. ಬ್ಯಾಕ್‌ಲ್ಯಾಶ್ (ಹಲ್ಲಿನ ನಡುವಿನ ಸಡ್ಲ) 0.008–0.012 ಇಂಚಿನಾಗ ಇರ್ಲಿ, ಡಬ್ಬ್ಯಾಗಿನ ಚೀಟಿ ಬ್ಯಾರೆ ಹೇಳಿದ್ರ ಅದೇ ಖರೆ. ಕ್ರೌನ್ ಬೋಲ್ಟ್ 70–85 ಪೌಂಡ್-ಫೀಟ್, ಕೆಂಪು ಲಾಕ್‌ಟೈಟ್ ಹಚ್ಚಿ. ಕ್ರಶ್ ಸ್ಲೀವ್ (ಪಿನಿಯನ್ ಬೇರಿಂಗ್ ನಡುವಿನ ಕುಗ್ಗೂ ಕೊಳವಿ) ತಗದು ಗಟ್ಟಿ ಸ್ಪೇಸರ್ ಹಾಕ್ರಿ. ಹೊಡತಕ್ಕ ಸ್ಲೀವ್ ಇನ್ನಷ್ಟು ಕುಗ್ಗಿದ್ರ ಪ್ರೀಲೋಡ್ ಹೋಗ್ತೈತಿ, ಹಿಂದನ ಪಿನಿಯನ್ನೂ.

ಹಲ್ಲಿಗೆ ಬಣ್ಣ ಹಚ್ಚಿ ತಿರುವಿ ನೋಡ್ರಿ. ಗುರುತು ಹಲ್ಲಿನ ತುದೀಗೆ ಬಿದ್ರ ಪಿನಿಯನ್ ದೂರ ಐತಿ, ದಪ್ಪ ಶಿಮ್ (ಸಂದಿಗೆ ಹಾಕೂ ಲೋಹದ ಬಿಲ್ಲಿ) ಬೇಕು. ಬುಡಕ್ಕ ಬಿದ್ರ ತೆಳ್ಳಂದು. ಬ್ಯಾಕ್‌ಲ್ಯಾಶ್ ಸರಿ ಮಾಡೂಮುಂದ ಒಂದ್ ಕಡೆ ತಗದಷ್ಟ ಶಿಮ್ ಇನ್ನೊಂದ್ ಕಡೆ ಹಾಕ್ರಿ, ಇಲ್ಲಾಂದ್ರ ಸೈಡ್ ಬೇರಿಂಗ್ ಸಡ್ಲ ಆಗ್ತಾವ. 0.010 ಸರಿಸಿದ್ರ ಬ್ಯಾಕ್‌ಲ್ಯಾಶ್ ಹತ್ರಹತ್ರ 0.007 ಬದಲಾಗ್ತದ.

ಇನ್ನೊಂದು ಯಾರೂ ಹೇಳಿಲ್ಲ: ವೀಲ್ ಹಾಪ್. ಕಿವಿಯೊಳಗಿನ ರಬ್ಬರ್ ಬುಷ್ ಸತ್ತಿದ್ರ ಹಿಂದಿನ ಗಾಲಿ ಕುಣೀತಾವ, ಪ್ರತಿ ಕುಣಿತಕ್ಕೂ ಸುತ್ಗಿ ಏಟು. ಶಾಫ್ಟ್ ತುಂಡಾಗೂದು ಬಾಳ ಸಲ ಆಗs. ಬುಷ್ ಬದಲ ಮಾಡಿ, ಬಾಡಿ ಕಡೆ ಟಾರ್ಕ್ ಬಾಕ್ಸ್ (ಕಂಟ್ರೋಲ್ ಆರ್ಮ್ ಕೂರೂ ಜಾಗ) ಹರಿದೈತೇನ ನೋಡಿ, ಪಟ್ಟಿ ಹಾಕಿ ವೆಲ್ಡ್ ಮಾಡಸ್ರಿ.

ಹೊಸಾ ಗೇರಿಗೆ ಮೊದಲ ಸಲ 15–20 ಮೈಲಿ ಸಾವಕಾಶ ಹೊಡದು, ಅರ್ಧ ತಾಸು ಆರಾಕ ಬಿಡ್ರಿ, ಹಿಂಗ ಮೂರ್ನಾಕು ಸಲ. 500 ಮೈಲಿಗೆ ಎಣ್ಣಿ ಬದಲಿಸ್ರಿ. ಟ್ರೂಟ್ರ್ಯಾಕ್ ಹಾಕಿದ್ರ ಸಿಂಥೆಟಿಕ್ ಬ್ಯಾಡ, ಸಾದಾ ಮಿನರಲ್ ಜಿಎಲ್-5 ಗೇರ್ ಎಣ್ಣಿ, ಫ್ರಿಕ್ಷನ್ ಮಾಡಿಫೈಯರ್ ಹಾಕಬ್ಯಾಡ್ರಿ. ಆ ಬಾಟ್ಲಿ ಟ್ರ್ಯಾಕ್-ಲಾಕಿನ ಕ್ಲಚ್ಚಿಗಷ್ಟ, 4 ಔನ್ಸ್.