ಹಳೆಯ .22 ರೈಫಲ್‌ನಲ್ಲಿ ತೋಟಾ ಸಿಕ್ಕಿಕೊಳ್ಳುತ್ತಿದೆ, ಅನುಭವ ಇರುವವರು ತಿಳಿಸಿ

ಚನ್ನಗಿರಿ ಕಡೆಯಿಂದ ಪ್ರಶ್ನೆ

ತಂದೆಯವರ ಕಾಲದ ಬೋಲ್ಟ್ ರೈಫಲ್ (ಕೈಯಿಂದ ಹಿಂದೆ ಮುಂದೆ ಎಳೆಯುವ ಅಗುಳಿಯದು) ಈಗ ನನ್ನ ಲೈಸೆನ್ಸಿಗೆ ಬಂದಿದೆ. ಐದು ತೋಟಾ ಹಿಡಿಯುವ ಮ್ಯಾಗಝಿನ್. ಮೊದಲ ಎರಡು ಸಲೀಸಾಗಿ ಏರುತ್ತವೆ, ಮೂರನೆಯದು ಮೂತಿ ಮೇಲೆತ್ತಿ ನಿಂತುಬಿಡುತ್ತದೆ. ಹಾರಿಸಿದ ಮೇಲೆ ಖಾಲಿ ಕೋಶ ಒಳಗೇ ಉಳಿದು ಬೋಲ್ಟ್ ಮಾತ್ರ ಹಿಂದಕ್ಕೆ ಬರುತ್ತದೆ. ಎಕ್ಸ್‌ಟ್ರಾಕ್ಟರ್, ಅಂದರೆ ಖಾಲಿ ಕೋಶವನ್ನು ಹಿಡಿದು ಹೊರಗೆಳೆಯುವ ಬೋಲ್ಟಿನ ಕೊಕ್ಕೆ, ಬದಲಾಯಿಸಿ ಎಂದು ಎಲ್ಲರೂ ಹೇಳುತ್ತಾರೆ. ಬದಲಾಯಿಸಲೇ?

ಚಿತ್ರದುರ್ಗದಿಂದ ಉತ್ತರ

ದಯವಿಟ್ಟು ಈಗಲೇ ಬದಲಾಯಿಸಬೇಡಿ. ನಾನು ಬದಲಾಯಿಸಿ ಕೆಟ್ಟವನು. ಹಳೆಯ ರೈಫಲ್‌ಗೆ ಹೊಸ ಕೊಕ್ಕೆ ಹುಡುಕಿಸುವುದರಲ್ಲೇ ನಾಲ್ಕು ತಿಂಗಳು ಹೋಯಿತು, ಹಾಕಿಸಿದ ಮೇಲೂ ಕೋಶ ಒಳಗೇ ಕುಳಿತಿತ್ತು. ದೋಷ ಕೊಕ್ಕೆಯದಾಗಿರಲಿಲ್ಲ, ಛೇಂಬರಿನದಾಗಿತ್ತು, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದ್ದು.

ಮೊದಲು ಖಾಲಿ ಕೋಶವನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಅದರ ಬುಡದ ಅಂಚನ್ನು ನೋಡಿ. ಕೊಕ್ಕೆ ಹಿಡಿಯುವ ಜಾಗದಲ್ಲಿ ಹಿತ್ತಾಳೆ ಕಿತ್ತುಬಂದಿದ್ದರೆ ಅಥವಾ ಸಣ್ಣ ಕಚ್ಚು ಬಿದ್ದಿದ್ದರೆ, ಕೊಕ್ಕೆ ತನ್ನ ಕೆಲಸ ಮಾಡಿದೆ, ಕೋಶವೇ ಗೋಡೆಗೆ ಅಂಟಿಕೊಂಡಿದೆ ಎಂದರ್ಥ. ಅಂಚು ಹೊಸದರಂತೆ ನುಣುಪಾಗಿದ್ದರೆ ಕೊಕ್ಕೆ ಹಿಡಿಯುತ್ತಲೇ ಇಲ್ಲ. ಆಗಲೂ ಅದು ಸವೆದಿದೆ ಎಂದು ತೀರ್ಮಾನಿಸಬೇಡಿ. ಅದರ ಅಡಿಯಲ್ಲಿ ಒಣಗಿದ ಎಣ್ಣೆ ಮತ್ತು ಮಸಿ ಸೇರಿ ಗಟ್ಟಿಯಾಗಿದ್ದರೆ ಸ್ಪ್ರಿಂಗಿಗೆ ಅಲುಗಾಡಲು ಜಾಗವೇ ಇರುವುದಿಲ್ಲ. ನನ್ನ ಬೋಲ್ಟಿನಲ್ಲಿ ಹಲ್ಲುಕಡ್ಡಿಯಿಂದ ಕೆದಕಿದಾಗ ಕಪ್ಪು ಬೆಲ್ಲದಂಥ ಪದಾರ್ಥ ಚೂರು ಚೂರಾಗಿ ಬಂತು.

.22ರ ಗುಂಡಿನ ಸೀಸಕ್ಕೆ ಮೇಲಿನಿಂದಲೇ ಮೇಣ ಅಥವಾ ಜಿಡ್ಡು ಸವರಿರುತ್ತಾರೆ. ಅದು ಮಸಿಯೊಂದಿಗೆ ಬೆರೆತು ಛೇಂಬರಿನ ಮುಂತುದಿಯಲ್ಲಿ ಉಂಗುರದಂತೆ ಕೂರುತ್ತದೆ. ಹಿಂದೆ ಯಾರಾದರೂ ಇದೇ ರೈಫಲ್‌ನಲ್ಲಿ ‘ಶಾರ್ಟ್’ ಎಂಬ ಗಿಡ್ಡ ತೋಟಾ ಹಾರಿಸಿದ್ದರೆ ಉಂಗುರ ಇನ್ನೂ ಹಿಂದಕ್ಕೆ ಬಂದಿರುತ್ತದೆ. ‘ಲಾಂಗ್ ರೈಫಲ್’ ಎಂಬ ಉದ್ದದ ತೋಟಾ ಅದರ ಮೇಲೆ ತುರುಕಿಕೊಂಡು ಕೂರುತ್ತದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ತಿಂಗಳುಗಟ್ಟಲೆ ಬಿಟ್ಟು ತರುವ ನಮ್ಮ ಕಡೆಯ ಕೋವಿಗಳಲ್ಲಿ ಈ ಉಂಗುರ ಕಲ್ಲಿನಂತಾಗಿರುತ್ತದೆ. ರೈಫಲ್ ಖಾಲಿ ಇದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟ್ ತೆಗೆದು, ಹಿಂಬದಿಯಿಂದಲೇ ಕೋವಿ ತೊಳೆಯುವ ದ್ರಾವಕ ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ .22 ಅಳತೆಯ ಕಂಚಿನ ಬ್ರಷ್ಷಿನಿಂದ ಉಜ್ಜಿ. ಉಕ್ಕಿನ ಬ್ರಷ್, ಮರಳು ಕಾಗದ ಹತ್ತಿರಕ್ಕೂ ಬೇಡ. ಕೊನೆಯಲ್ಲಿ ಒಣಬಟ್ಟೆಯಿಂದ ಉಳಿದ ದ್ರಾವಕ, ಎಣ್ಣೆಯನ್ನು ಪೂರ್ತಿ ಒರೆಸಿ.

ದಾವಣಗೆರೆಯಿಂದ ಉತ್ತರ

ಎನ್‌ಸಿಸಿಯಲ್ಲಿ .22 ರೈಫಲ್‌ಗಳ ಜೊತೆ ವರ್ಷಗಳನ್ನು ಕಳೆದವನು ನಾನು. ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಕೋಶದ ಮೈಮೇಲೆ ಉದ್ದಕ್ಕೆ ಒಂದೇ ಗೀರು ಇದೆಯೇ ನೋಡಿ. ಪ್ರತಿ ಕೋಶದಲ್ಲೂ ಅದು ತೋಟಾ ಸಿಡಿಸುವ ಪಿನ್ ಹೊಡೆದ ಗುರುತಿನ ನೇರಕ್ಕೇ ಇದ್ದರೆ ತೊಳೆಯುವುದರಿಂದ ಪ್ರಯೋಜನವಿಲ್ಲ. ಖಾಲಿ ರೈಫಲ್‌ನ ಟ್ರಿಗರ್ ಎಳೆಯುವ ಅಭ್ಯಾಸದಿಂದ ಪಿನ್ ಛೇಂಬರಿನ ಅಂಚಿಗೇ ಬಡಿದು, ಅಲ್ಲಿ ಉಕ್ಕು ಒಳಕ್ಕೆ ಉಬ್ಬಿರುತ್ತದೆ. ಆ ಉಬ್ಬನ್ನು ಒತ್ತಿ ಸರಿಮಾಡುವ ಉಪಕರಣ ಪರವಾನಗಿ ಇರುವ ಬಂದೂಕು ರಿಪೇರಿಯವರ ಬಳಿ ಇರಬೇಕು. ಲೇತ್ ಅಂಗಡಿಗೆ ಒಯ್ಯಬೇಡಿ, 1959ರ ಶಸ್ತ್ರಾಸ್ತ್ರ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಹಾರದೆ ಸಿಕ್ಕಿಕೊಂಡ ತೋಟಾವನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಈ ಜಾತಿಯ ತೋಟಾದಲ್ಲಿ ಕಿಡಿಮದ್ದು ನಡುವಿನಲ್ಲಿಲ್ಲ, ಅಂಚಿನ ಮಡಿಕೆಯೊಳಗೇ ಸುತ್ತಲೂ ತುಂಬಿರುತ್ತದೆ. ನೀವು ಮೀಟುವ ಜಾಗವೇ ಅದು. ಮುಂದಿನಿಂದ ಕಡ್ಡಿ ತೂರಿಸಿ ತಳ್ಳುವುದು ಖಾಲಿ ಕೋಶಕ್ಕೆ ಮಾತ್ರ. ಟ್ರಿಗರ್ ಎಳೆದೂ ಹಾರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ.

ಹೊಳಲ್ಕೆರೆಯಿಂದ ಉತ್ತರ

ಮೂರನೆಯ ತೋಟಾದ ಬಗ್ಗೆ ಯಾರೂ ಹೇಳಲಿಲ್ಲ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಅದು ಸರಿಯಿದ್ದರೆ ಮ್ಯಾಗಝಿನ್ ಒಳಗಿನ ಸ್ಪ್ರಿಂಗ್ ತೊಳೆದು ನೋಡಿ. ಮ್ಯಾಗಝಿನ್ ಬಾಯಿಯ ತುಟಿಗಳನ್ನು ಇಕ್ಕುಳದಿಂದ ಬಗ್ಗಿಸಲು ಹೋಗಬೇಡಿ. ನಾನು ಕೂದಲೆಳೆಯಷ್ಟು ಬಗ್ಗಿಸಿದೆ ಅಂದುಕೊಂಡಿದ್ದೆ, ಆ ಮ್ಯಾಗಝಿನ್ ಮತ್ತೆ ಕೆಲಸಕ್ಕೆ ಬರಲಿಲ್ಲ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನದ ನಂತರ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಅಂಚಿನಲ್ಲಿ ಕಚ್ಚು ಇತ್ತು, ಗೀರು ಇರಲಿಲ್ಲ. ಎರಡು ರಾತ್ರಿ ನೆನೆಸಿದ ಮೇಲೆ ಬ್ರಷ್ಷಿಗೆ ಕಪ್ಪು ಚಕ್ಕೆಗಳು ಹತ್ತಿ ಬಂದವು. ರೇಂಜಿನಲ್ಲಿ ಇಪ್ಪತ್ತು ಹಾರಿಸಿದೆ, ಇಪ್ಪತ್ತು ಕೋಶಗಳೂ ತಾವಾಗಿ ಹೊರಬಿದ್ದವು. ತಂದೆಯವರ ಕಾಲದಲ್ಲಿ ಕೇಳುತ್ತಿದ್ದ ಆ ‘ಟಿಣ್’ ಸದ್ದು ಮತ್ತೆ ಕೇಳಿತು. ಮೂರನೆಯ ತೋಟಾ ಮಾತ್ರ ಈಗಲೂ ಒಮ್ಮೊಮ್ಮೆ ಮೂತಿ ಎತ್ತುತ್ತದೆ. ಅಂಚುಗಳನ್ನು ಸರಿಯಾಗಿಯೇ ಜೋಡಿಸಿದ್ದೆ. ಸ್ಪ್ರಿಂಗ್ ಇನ್ನೂ ಬಿಚ್ಚಿಲ್ಲ, ಈ ಭಾನುವಾರ ಬಿಚ್ಚಿ ನೋಡಿ ಬರೆಯುತ್ತೇನೆ.