ಕುದುರೆ ಫಾರ್ಮಿನಲ್ಲಿ ಹತ್ತು ಮನೆಯವರು ಸೇರಿ ತರಕಾರಿ: ಮಾಡಿದವರು ಹೇಳಿ

ದೇವನಹಳ್ಳಿ ಕಡೆಯವರು: ಎರಡು ಎಕರೆ, ನಾಲ್ಕು ಕುದುರೆ. ಒಂದೊಂದಕ್ಕೂ ದಿನಕ್ಕೆ 20 ಕೆಜಿ ಲದ್ದಿ. ಹತ್ತು ಮನೆಯವರು ಸೇರಿ ಸಾವಯವ ತರಕಾರಿ ಬೆಳೆಯೋಣ ಅಂತಿದ್ದೇವೆ. ಬೋರ್ ಒಂದೇ, ಸಾಕಾಗುತ್ತಾ?

ಹೆಸರಘಟ್ಟದವರು: ನಾವೂ 2021ರಲ್ಲಿ ಹೀಗೇ ಹಾರಾಡಿದ್ದು. ಹಸಿ ಲದ್ದಿಯನ್ನೇ ಮಡಿಗೆ ಸುರಿದೆವು. ಮೆಂತ್ಯ ಸುಟ್ಟುಹೋಯಿತು, ಹೋಗಲಿ. ಮಳೆ ಬಿದ್ದ ಮೇಲೆ ಎದ್ದ ಕಳೆ ಇದೆಯಲ್ಲ! ಹಸುವಿನ ಹಾಗೆ ಕುದುರೆ ಮೆಲುಕು ಹಾಕುವುದಿಲ್ಲ, ಬೀಜ ಹಾಗೇ ಹೊರಗೆ ಬರುತ್ತದೆ. ಕೀಳಲು ಇಬ್ಬರು ಹೆಂಗಸರು, ತಲಾ 450, ಹನ್ನೊಂದು ದಿನ. 9,900 ರೂಪಾಯಿ. ಟೀ, ಬನ್ನು ಬೇರೆ.

ಕನಕಪುರ ರಸ್ತೆಯವರು: ಸುಮ್ನೆ ಹೆದರಿಸಬೇಡಿ. ತಪ್ಪು ಲದ್ದಿಯದಲ್ಲ, ನಿಮ್ಮ ಅವಸರದ್ದು. ನಾನು ಸೊಂಟದೆತ್ತರ ರಾಶಿ ಹಾಕಿ, ಒಳಗೆ 55 ಡಿಗ್ರಿ ದಾಟಿದ ಮೇಲೆ ಮಗುಚುತ್ತೇನೆ. ಹೀಗೆ ಐದು ಸಲ. ನಾಲ್ಕು ತಿಂಗಳು ಮಡಿಗೆ ಹಾಕುವುದಿಲ್ಲ. ಥರ್ಮಾಮೀಟರಿಗೇ 1,150 ಕೊಟ್ಟೆ. ನನ್ನ ಬದನೆ ತಿಂದು ಅಳಿಯ ಬಾಯಿ ಮುಚ್ಚಿಕೊಂಡ.

ಹೆಸರಘಟ್ಟದವರು: ನಿಮ್ಮ ಲಾಯಕ್ಕೆ ಭತ್ತದ ಹುಲ್ಲು ಹಾಸಿರುತ್ತೀರಿ. ನಮ್ಮದು ಮರದ ಹೊಟ್ಟು. ಎಂಟು ತಿಂಗಳಾದರೂ ಕೊಳೆಯಲಿಲ್ಲ, ಮಣ್ಣಿನ ಸಾರಜನಕವನ್ನೂ ಅದೇ ನುಂಗಿ ಗಿಡವೆಲ್ಲಾ ಹಳದಿ. ಅವಸರ ಅಂತೆ!

ಸರ್ಜಾಪುರದವರು: ಲದ್ದಿ ಯಾಕೆ ಸ್ವಾಮಿ? 200 ಲೀಟರ್ ಜೀವಾಮೃತಕ್ಕೆ, ಅಂದರೆ ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿ ಬರಿಸಿದ ದ್ರವ ಗೊಬ್ಬರಕ್ಕೆ, ನಾಟಿ ಹಸುವಿನ ಸಗಣಿ 10 ಕೆಜಿ ಸಾಕು, ಎರಡು ಕೆಜಿ ಬೆಲ್ಲ.

ಕನಕಪುರ ರಸ್ತೆಯವರು: ಅವರ ಹತ್ತಿರ ಇರುವುದು ಕುದುರೆ. ಹಸು ನೀವು ಕೊಡಿಸ್ತೀರಾ?

ಯಲಹಂಕದವರು: ಕುದುರೆಗೆ ಜಂತುಹುಳದ ಔಷಧಿ ಐವರ್ಮೆಕ್ಟಿನ್ ಕೊಟ್ಟಾಗ ಅದು ಲದ್ದಿಯಲ್ಲೂ ಬರುತ್ತದೆ, ಸಗಣಿ ಹುಳ ಸಾಯುತ್ತವೆ. ಆ ಲದ್ದಿಗೆ ಬೇರೆ ರಾಶಿ ಮಾಡಿ. ಲದ್ದಿ, ಮಣ್ಣು ಮುಟ್ಟುವವರೆಲ್ಲ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಳ್ಳಿ. ನಮ್ಮಲ್ಲಿ ಒಬ್ಬ ಮಹಾಶಯ ಕಿತ್ತ ಟೊಮೇಟೊ ಗಿಡಗಳನ್ನು ಕುದುರೆ ಮುಂದೆ ಎಸೆದ. ಹೊಟ್ಟೆನೋವು, ರಾತ್ರಿ ಹನ್ನೊಂದಕ್ಕೆ ಡಾಕ್ಟರ್, 6,200. ಅವನು ಇವತ್ತಿಗೂ ಒಂದು ಪೈಸೆ ಕೊಟ್ಟಿಲ್ಲ. ಬೇಲಿಗೆ ಕಣಗಿಲೆ ಬೇರೆ ನೆಡಬೇಕಂತೆ ಅವನಿಗೆ, ಕುದುರೆಗೆ ಅದು ವಿಷ!

ಸರ್ಜಾಪುರದವರು: ಹೆಸರಘಟ್ಟದವರೇ, ಕೂಲಿ ಕೊಟ್ಟು ಕಳೆ ಕೀಳಿಸಿ ಲೆಕ್ಕ ಹೇಳ್ತೀರಲ್ಲ, ಸೇರಿ ಮಾಡುವ ತೋಟ ಅಂದರೆ ನೀವೇ ಬಗ್ಗುವುದಲ್ವಾ?

ಹೆಸರಘಟ್ಟದವರು: ನನಗೆ ಬೆನ್ನಿನ ಆಪರೇಷನ್ ಆಗಿದೆ. ಸದಸ್ಯರು ಹದಿನಾಲ್ಕು. ಭಾನುವಾರ ಬಂದವರು ಮೂವರು, ಅದರಲ್ಲಿ ಒಬ್ಬರು ಕುದುರೆ ಜೊತೆ ಸೆಲ್ಫಿಗೆ.

ದೇವನಹಳ್ಳಿ ಕಡೆಯವರು: ಬೋರ್ ಬಗ್ಗೆ ಕೇಳಿದ್ದೆ...

ಕನಕಪುರ ರಸ್ತೆಯವರು: ನಮ್ಮದು 900 ಅಡಿ ಕೊರೆಸಿದ್ದು. ಮೋಟರ್ ಎರಡು ಸಲ ಸುಟ್ಟಿದೆ. ಮೊದಲನೇ ಸಲದ ಕಥೆ ಕೇಳಿ.