ಮಂಗಳೂರಿನ ಮಳೆಗಾಲಕ್ಕೆ ವಾಷರ್-ಡ್ರೈಯರ್: ಒಂದೇ ಮೆಷಿನ್ನೋ, ಬೇರೆ ಬೇರೆಯೋ?

ಪ್ರಶ್ನೆ: ಹೊಸ ಮನೆ, ನಾಲ್ಕು ಜನ, ಬೋರ್‌ವೆಲ್ ನೀರು. ಯುಟಿಲಿಟಿ 4 ಅಡಿ ಅಗಲ ಇದೆ, ಟೈಲ್ಸ್ ಇನ್ನೂ ಹಾಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸುವುದೇ ಚಿಂತೆ. ಒಗೆದು ಒಣಗಿಸುವ ಒಂದೇ ಮೆಷಿನ್ ಸಾಕೇ?

ಉತ್ತರ 1: ನಾಲ್ಕು ಜನರಿಗೆ ಬೇರೆ ಬೇರೆ ತಗೊಳ್ಳಿ. ಕಾಂಬೊದಲ್ಲಿ (ಎರಡೂ ಕೆಲಸದ ಒಂದೇ ಮೆಷಿನ್) 8 ಕೆಜಿ ಒಗೆದರೂ ಒಣಗುವುದು ಸುಮಾರು 5 ಕೆಜಿ. ಉಳಿದದ್ದನ್ನು ಹೊರಗೆ ತೆಗೆಯದಿದ್ದರೆ ಎಲ್ಲವೂ ಹಸಿಹಸಿಯಾಗಿ, ಮುದುಡಿ ಬರುತ್ತದೆ. ಮೆಷಿನ್ ಒಣಗಿಸುವಷ್ಟು ಹೊತ್ತು ಮುಂದಿನ ಬಟ್ಟೆ ಕಾಯಬೇಕು. ವಾಷರ್ ಫ್ರಂಟ್ ಲೋಡ್ ಇರಲಿ, ನಿಮಿಷಕ್ಕೆ 1200 ಸುತ್ತಿನ ಸ್ಪಿನ್ ಇರಲಿ; ಚೆನ್ನಾಗಿ ಹಿಂಡಿದಷ್ಟೂ ಡ್ರೈಯರ್ ಕರೆಂಟ್ ಉಳಿಯುತ್ತದೆ.

ಉತ್ತರ 2: ವೆಂಟ್ ಇರುವ ಡ್ರೈಯರ್ ಆದರೆ ಗೋಡೆಯಲ್ಲಿ 4 ಇಂಚಿನ ಪೈಪ್ ಹೊರಗೆ ಬಿಡಲೇಬೇಕು, ಇಲ್ಲದಿದ್ದರೆ ಆವಿ ಒಳಗೇ ಕೂತು ಗೋಡೆಗೆ ಬೂಷ್ಟು. ಬಿಸಿಗಾಳಿಯನ್ನು ಹೊರಬಿಡದೆ ಒಳಗೇ ಮತ್ತೆ ಬಳಸುವ ಹೀಟ್ ಪಂಪ್ ಮಾದರಿ ದುಬಾರಿ, ಆದರೆ ಪೈಪ್ ಬೇಡ, ಕರೆಂಟೂ ಬಹಳ ಕಡಿಮೆ. ಯಾವುದಾದರೂ ಪ್ರತಿ ಸಲ ಫಿಲ್ಟರಿನ ನಾರು ತೆಗೆಯಿರಿ.

ಉತ್ತರ 3: ಟೈಲ್ಸ್‌ಗೆ ಮುಂಚೆಯೇ ಎರಡು 16 ಆಂಪ್ ಸಾಕೆಟ್, ಎರಡಕ್ಕೂ ಬೇರೆ ಲೈನ್ ಎಳೆಸಿ. ಡ್ರೈನ್ ಬಾಯಿ ನೆಲದಿಂದ ಎರಡರಿಂದ ಮೂರು ಅಡಿ ಎತ್ತರದಲ್ಲಿರಲಿ. ಹೋಸ್ ನೆಲಕ್ಕೆ ಬಿಟ್ಟರೆ ತುಂಬಿದ ನೀರೆಲ್ಲ ತಾನಾಗಿ ಹರಿದುಹೋಗಿ ಮೆಷಿನ್ ತುಂಬಿಸುತ್ತಲೇ ಇರುತ್ತದೆ. ಸಾಗಿಸುವಾಗ ಡ್ರಮ್ ಅಲುಗದಂತೆ ವಾಷರ್‌ನ ಹಿಂಬದಿಗೆ ಹಾಕಿರುವ ಬೋಲ್ಟ್ ಬಿಚ್ಚದೆ ಓಡಿಸಬೇಡಿ, ದಯವಿಟ್ಟು! ಬೋರ್ ನೀರಿಗೆ ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್‌ಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ಗಡಸು ನೀರಿನಿಂದ ಹೀಟರ್ ಮೇಲೆ ಕಟ್ಟಿದ ಬಿಳಿ ಪದರ ಬಿಡುತ್ತದೆ.